ಬೇಳೆಗೆ ಎತ್ತಿಟ್ಟ ನೀರು

ಅವತ್ತು ನಾನು ಹಿತ್ತಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಹಣ್ಣು ಚೆನ್ನಾಗಿ ಒಣಗಿ ಸಿಪ್ಪೆ ತಾನಾಗಿ ಸಿಡಿಯುವ ಹದಕ್ಕೆ ಬಂದಿತ್ತು. ಕಲ್ಲಿನ ಮೇಲಿಟ್ಟು ತಟ್ಟುವುದು, ನಾರು ಎಳೆಯುವುದು, ಬೀಜ ತೆಗೆದು ಬುಟ್ಟಿಗೆ ಹಾಕುವುದು. ಬೆರಳೆಲ್ಲ ಅಂಟು. ಆಗ ಫೋನು ಬಂತು. ಬೆರಳಿನ ಗೆಣ್ಣಿನಿಂದ ಒತ್ತಿ, ನೆಲದ ಮೇಲಿಟ್ಟೇ ಮಾತಾಡಿದೆ. ಚಳ್ಳಕೆರೆಯಿಂದ, ಕಾಲೇಜು ಓದುವ ನನ್ನ ಮಗಳಿರುವ ಹಾಸ್ಟೆಲಿನ ವಾರ್ಡನ್.

"ಅಮ್ಮಾರೇ, ಗಾಬ್ರಿ ಆಗ್ಬೇಡ್ರಿ. ಮಗಳು ಹುಷಾರಾಗೇ ಇದಾಳೆ. ಬಾಯಿ ಒಂದು ಊದ್ಕಂಡೈತೆ. ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಯಾರಾದ್ರೂ ಬರ್ರಿ."

"ಬಾಯಿ ಯಾಕ್ರೀ ಊದ್ತು? ಬಿದ್ಲಾ?"

"ಬಿದ್ದಿಲ್ಲ. ಹಲ್ಲು ಬೆಳ್ಳಗಾಗ್ಲಿ ಅಂತ ಏನೋ ಹಚ್ಕಂಡಿದಾಳೆ."

ಹಲ್ಲು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮುಂದೇನೂ ಕೇಳದೆ ಫೋನು ಕಟ್ ಮಾಡಿಬಿಟ್ಟೆ. ಯಾಕೆ ಎಂದು ಆಗ ಯೋಚಿಸಲಿಲ್ಲ. ಹುಣಸೆ ಬುಟ್ಟಿಯನ್ನು ಪಕ್ಕದ ಮನೆಯ ವಾರಗಿತ್ತಿಗೆ ಕೊಟ್ಟು, ಕೈ ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ಮೊಳಕಾಲ್ಮೂರು ಬಸ್ ನಿಲ್ದಾಣಕ್ಕೆ ಓಡಿದೆ. ನಮ್ಮೆಜಮಾನರು ಗೊಬ್ಬರದ ಅಂಗಡಿಯ ಸರಕು ತರಲು ಬಳ್ಳಾರಿಗೆ ಹೋಗಿದ್ದರು. ಬಸ್ಸು ಹೊರಡುವುದರಲ್ಲಿತ್ತು, ನನ್ನನ್ನು ಕಂಡು ನಿಲ್ಲಿಸಿದರು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಕಷ್ಟದ ದಿನ ದೇವರು ಇಂಥ ಸಣ್ಣ ಸಣ್ಣ ದಯೆ ತೋರಿಸುತ್ತಾನೆ, ನಾನು ಅವನ್ನು ಲೆಕ್ಕ ಇಟ್ಟುಕೊಳ್ಳುವವಳು. ದಾರಿಯುದ್ದಕ್ಕೂ ನಾಯಕನಹಟ್ಟಿ ಸ್ವಾಮಿಯನ್ನು ನೆನೆದೆ. ಆದರೆ ನೆನೆಯುತ್ತ ನೆನೆಯುತ್ತ ಮನಸ್ಸು ಮಗಳ ಹಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ಅವಳ ಹಾಲುಹಲ್ಲು ಬೆಳ್ಳಗಿದ್ದವು. ಅವು ಬಿದ್ದು ಹೊಸ ಹಲ್ಲು ಬಂದಾಗ ಮೊದಲು ಸುಣ್ಣ ಎಳೆದಂಥ ಗೆರೆ ಕಾಣಿಸಿತು. ಆಮೇಲೆ ವರ್ಷ ಕಳೆದಂತೆ ಆ ಗೆರೆಗಳ ನಡುವೆ ಕಂದು ಕಲೆ, ಬಟ್ಟೆಗೆ ಚಹಾ ಚೆಲ್ಲಿ ಒಣಗಿದ ಹಾಗೆ. ನಮ್ಮ ಬೀದಿಯಲ್ಲಿ ಅಂಥ ಹಲ್ಲು ಎಷ್ಟೋ ಮಕ್ಕಳಿಗಿತ್ತು. ಆದರೂ ನನ್ನ ಮಗಳದು ಸೋಮಾರಿತನ ಎಂದೇ ನಾನು ತೀರ್ಮಾನ ಮಾಡಿದ್ದೆ. ನನ್ನ ಹಲ್ಲು ಚೆನ್ನಾಗಿವೆ. ನಾನು ಬೆಳೆದದ್ದು ಬೇರೆ ಕಡೆ, ಕೆರೆಯ ಕೆಳಗಿನ ಸೇದೋ ಬಾವಿಯ ನೀರು ಕುಡಿದು. ಅದನ್ನು ನನ್ನ ಶಿಸ್ತಿನ ಫಲ ಎಂದುಕೊಂಡಿದ್ದೆ.

"ಸರಿಯಾಗಿ ಉಜ್ಜಲ್ಲ ನೀನು" ಎನ್ನುವುದು ನಮ್ಮ ಮನೆಯಲ್ಲಿ ಬೆಳಗಿನ ಸುಪ್ರಭಾತವಾಗಿತ್ತು. ಇಟ್ಟಿಗೆ ಚೂರು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಉಪ್ಪು ಬೆರೆಸಿ ಡಬ್ಬಿಯಲ್ಲಿ ಇಟ್ಟಿದ್ದೆ. ಅವಳನ್ನು ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೂ ಭಾನುವಾರ ಭಾನುವಾರ ಹಿತ್ತಲ ಕಲ್ಲಿನ ಮೇಲೆ ಕೂರಿಸಿ, ತಲೆಯನ್ನು ನನ್ನ ತೊಡೆಗೆ ಆನಿಸಿ, ನನ್ನ ಬೆರಳಿನಿಂದ ನಾನೇ ಉಜ್ಜುತ್ತಿದ್ದೆ. ಒಸಡಿನಲ್ಲಿ ರಕ್ತ ಬರುತ್ತಿತ್ತು. ಅತ್ತರೆ, "ಉರಿದ್ರೆ ಕೊಳೆ ಬಿಡ್ತೈತೆ ಅಂತ ಅರ್ಥ, ಸುಮ್ಕಿರು" ಅನ್ನುತ್ತಿದ್ದೆ. ನೆಂಟರು ಬಂದಾಗ, "ಬಾಯಿ ಮುಚ್ಕಂಡು ನಗು" ಎಂದು ಕಣ್ಣಲ್ಲೇ ಹೇಳುತ್ತಿದ್ದೆ. ಕ್ರಮೇಣ ಅವಳೇ ಅಂಗೈ ಅಡ್ಡ ಇಟ್ಟು ನಗುವುದು ಕಲಿತಳು. ಅದು ನಾಚಿಕೆ, ಒಳ್ಳೆಯ ಹೆಣ್ಣುಮಕ್ಕಳ ಲಕ್ಷಣ ಎಂದು ನೆಂಟರು ಹೊಗಳಿದರು. ನಾನೂ ಹೊಗಳಿಸಿಕೊಂಡೆ.

ಹಾಸ್ಟೆಲಿನಲ್ಲಿ ಅವಳು ವೇಲನ್ನು ಮೂಗಿನವರೆಗೂ ಎಳೆದುಕೊಂಡು ಮಂಚದ ಮೇಲೆ ಕೂತಿದ್ದಳು. ಸರಿಸಿ ನೋಡಿದೆ. ತುಟಿ ದಪ್ಪಗಾಗಿ, ಒಸಡು ಬಿಸಿ ತಾಗಿದಂತೆ ಬೆಳ್ಳಗೆ ಸುಲಿದಿತ್ತು.

"ಏನ್ ಹಚ್ಕಂಡೆ?"

ಅವಳು ವೇಲನ್ನು ಮತ್ತೆ ಮೇಲೆಳೆದುಕೊಂಡಳು. ಜೊತೆಯ ಹುಡುಗಿಯೇ ಹೇಳಿದಳು. "ನಾವು ಬ್ಯಾಡ ಅಂದ್ವಿ ಆಂಟಿ. ಮುಖಕ್ಕೆ ಹಚ್ಚೋ ಬ್ಲೀಚು, ಅದ್ರಾಗೆ ನಿಂಬೆಹಣ್ಣು, ಅಡುಗೆ ಸೋಡಾ. ಫೋನಾಗೆ ಯಾರೋ ತೋರ್ಸಿದ್ರಂತೆ. ಕ್ಲಾಸ್ ಫೋಟೋ ಐತಲ್ಲ ಈ ತಿಂಗ್ಳು, ಅದ್ಕೆ. ಉರೀತೈತೆ ಅಂತ ಕಣ್ಣಾಗೆ ನೀರು ಬಂದ್ರೂ ತೊಳ್ಕಳ್ಲಿಲ್ಲ."

"ಉರಿದಾಗಾದ್ರೂ ತೊಳ್ಕಬಾರ್ದಾ?" ಎಂದು ನಾನು ಗದರಿದೆ.

ಅವಳು ತುಟಿ ಅಲುಗಿಸದೆ ಹೇಳಿದಳು: "ಉರಿದ್ರೆ ಕೊಳೆ ಬಿಡ್ತೈತೆ ಅಂದ್ಕಂಡೆ."

ನನ್ನ ಮಾತು ನನ್ನೆದುರು ಹಾಗೆ ಬಂದು ನಿಂತಿತು. ಅವಳು ಅದನ್ನು ಚುಚ್ಚಲು ಹೇಳಿದ್ದಲ್ಲ. ನಿಜವಾಗಿ ನಂಬಿದ್ದಳು.

ಹಲ್ಲಿನ ಡಾಕ್ಟರು ಎಲ್ಲಿದ್ದಾರೆ ಎಂದು ನಮಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹಲ್ಲು ನೋವು ಬಂದರೆ ಲವಂಗ, ಹೆಚ್ಚಾದರೆ ಸರ್ಕಾರಿ ಆಸ್ಪತ್ರೆ, ಅಷ್ಟೇ. ಆಟೋದವರನ್ನು ಕೇಳಿದೆ.

"ಹಲ್ಲಿನ್ ಡಾಕ್ಟ್ರಾ? ಕೀಳ್ಸಾಕಾ, ಕಟ್ಸಾಕಾ?"

"ಎರಡೂ ಅಲ್ಲಪ್ಪ."

"ಎರಡೂ ಅಲ್ಲ ಅಂದ್ರೆ ಮತ್ತೆ ಹಲ್ಲಿಗೆ ಇನ್ನೇನ್ ಮಾಡ್ತಾರಮ್ಮ? ಹತ್ರೀ, ಒಬ್ರಿದಾರೆ."

ಅವನು ಇಳಿಸಿದ್ದು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಎಣ್ಣೆ ಗಾಣದ ಗೋಡೆಗೆ ಅಂಟಿಕೊಂಡ ಒಂದು ಸಣ್ಣ ಅಂಗಡಿಯ ಮುಂದೆ. ಹಲಗೆಯ ಮೇಲೆ ಬಾಯಿಬಿಟ್ಟ ಹಲ್ಲಿನ ಸೆಟ್ಟಿನ ಚಿತ್ರ. ಒಳಗೆ ವಯಸ್ಸಾದ ಸಾಬರೊಬ್ಬರು ಗುಲಾಬಿ ಬಣ್ಣದ ಅಚ್ಚನ್ನು ಅರದಿಂದ ಉಜ್ಜುತ್ತಿದ್ದರು. ಕನ್ನಡಕ ಹಣೆಗೇರಿಸಿ ಮಗಳನ್ನು ನೋಡಿದರು.

"ಆ ಅನ್ನು ಬೇಟಾ." ನೋಡಿದವರೇ ಅರವನ್ನು ಕೆಳಗಿಟ್ಟರು. "ಅಲ್ಲಾ! ಯಾರು ಮಾಡಿದ್ದು ಇದು?"

"ಅವಳೇ ಮಾಡ್ಕಂಡಿದ್ದು ರೀ. ನೀವು ಏನಾದ್ರೂ ಕ್ಲಿಪ್ಪೋ ತಂತಿನೋ ಹಾಕಿ, ಹಲ್ಲು ಒಂಚೂರು ಬೆಳ್ಳಗೂ ಮಾಡಿ..."

"ಬಿಲ್ಕುಲ್ ಇಲ್ಲಮ್ಮ. ನಾನು ಬಿದ್ದ ಹಲ್ಲಿನ ಜಾಗ್ದಾಗೆ ಹಲ್ಲು ಕಟ್ಟೋನು. ಇದ್ದ ಹಲ್ಲು ಮುಟ್ಟಲ್ಲ. ಯಾರಾದ್ರೂ ಮುಟ್ತೀನಿ ಅಂದ್ರೂ ನೀವು ಬಾಯಿ ತೆರೀಬ್ಯಾಡ್ರಿ. ಓದಿದ ಡಾಕ್ಟ್ರಮ್ಮ ಒಬ್ರು ಇದಾರೆ, ಮೇನ್ ರೋಡಾಗೆ, ಮೆಡಿಕಲ್ ಶಾಪ್ ಮಹಡಿ ಮ್ಯಾಲೆ. ಜಲ್ದಿ ಹೋಗ್ರಿ."

ಹತ್ತು ರೂಪಾಯಿ ಕೊಡಲು ಹೋದರೆ ಕೈ ಮುಗಿದರು. ದಯೆಯ ಲೆಕ್ಕದಲ್ಲಿ ಅವರನ್ನು ನಾನು ಮೇಲೆಯೇ ಬರೆದುಕೊಂಡಿದ್ದೇನೆ. ಮಾಡಲು ಬಾರದ್ದನ್ನು ಬಾರದು ಅನ್ನುವವರು ನಮ್ಮಲ್ಲಿ ಎಷ್ಟು ಜನ? ನಾನಂತೂ ಅವತ್ತಿನವರೆಗೂ ಅನ್ನಲಿಲ್ಲ.

ಡಾಕ್ಟರು ಹರೆಯದ ಹೆಣ್ಣುಮಗಳು, ದಾವಣಗೆರೆ ಕಡೆಯವರಂತೆ. ಮಗಳನ್ನು ಒರಗುವ ಕುರ್ಚಿಯಲ್ಲಿ ಮಲಗಿಸಿ, ದೀಪ ಎಳೆದು, ಸಣ್ಣ ಕನ್ನಡಿಯಿಂದ ಬಾಯೊಳಗೆಲ್ಲ ನೋಡಿದರು. ಒಸಡು ಸುಟ್ಟಿದೆ, ಆದರೆ ಮೇಲಷ್ಟೇ, ಎರಡು ವಾರದಲ್ಲಿ ಮಾಯುತ್ತದೆ ಎಂದರು. ಗಂಟಲಿಗೆ ಇಳಿದಿಲ್ಲ ಎಂದಾಗ ನಾನು ಕೂತಲ್ಲೇ ಸ್ವಾಮಿಗೆ ಕೈ ಮುಗಿದೆ. ಹಚ್ಚಲು ಮುಲಾಮು, ಮುಕ್ಕಳಿಸಲು ಔಷಧ, ಖಾರ ಹುಳಿ ಬೇಡ, ಮೆತ್ತಗಿನ ಊಟ. ಆಮೇಲೆ ಹಲ್ಲಿನ ಬುಡವನ್ನು ಕನ್ನಡಿಯಿಂದ ಮುಟ್ಟಿ ಕೇಳಿದರು.

"ಯಾವುದ್ರಲ್ಲಿ ಉಜ್ತೀಯಾ ನೀನು? ಇಲ್ಲೆಲ್ಲ ಸವೆದು ಹೋಗಿದೆಯಲ್ಲ."

ಮಗಳು ಮಲಗಿದ್ದಲ್ಲಿಂದಲೇ ನನ್ನ ಕಡೆ ಒಮ್ಮೆ ನೋಡಿದಳು. "ಬ್ರಷ್ಷು ಗಟ್ಟೀದು ಮೇಡಂ. ನಾನೇ ಜೋರಾಗಿ ಉಜ್ತೀನಿ."

ನನ್ನ ಇಟ್ಟಿಗೆ ಪುಡಿಯ ಡಬ್ಬಿಯನ್ನು ಅವಳು ಹಾಗೆ ಮುಚ್ಚಿಟ್ಟಳು. ಬಾಯಿ ತೆರೆದರೆ ನೋವು, ಆ ನೋವಿನಲ್ಲೂ.

ನಾನು ಕೇಳಿದೆ, "ಮೇಡಂ, ಈ ಕಲೆ ಹೋಗಲ್ವಾ? ಈಗ ಹಲ್ಲು ಬೆಳ್ಳಗೆ ಮಾಡೋ ಚಿಕಿತ್ಸೆ ಬಂದೈತಂತಲ್ಲ."

"ಯಾವೂರಮ್ಮ ನಿಮ್ದು? ಮೊಳಕಾಲ್ಮೂರಾ? ಸೀರೆ ನೇಯೋ ಊರು, ಹಾಗಾದ್ರೆ ನಿಮಗೆ ಹೇಳೋದು ಸುಲಭ. ಸೀರೆ ಮೇಲೆ ಚೆಲ್ಲಿದ ಕಲೆ ಬೇರೆ, ನೇಯೋಕ್ಕಿಂತ ಮುಂಚೆ ನೂಲಿಗೇ ಹಿಡಿದ ಬಣ್ಣ ಬೇರೆ, ಅಲ್ವಾ? ಇದು ನೂಲಿಗೆ ಹಿಡಿದದ್ದು. ಹಲ್ಲು ಒಸಡಿನ ಒಳಗೆ ತಯಾರಾಗ್ತಿರೋವಾಗ್ಲೇ ಹಿಡಿದುಬಿಟ್ಟಿದೆ. ಉಜ್ಜಿದ್ರೆ ಹೋಗೋದಲ್ಲ. ಉಜ್ಜದೆ ಇದ್ದದ್ದಕ್ಕೆ ಬಂದಿದ್ದೂ ಅಲ್ಲ."

ಉಜ್ಜದೆ ಇದ್ದದ್ದಕ್ಕೆ ಬಂದಿದ್ದೂ ಅಲ್ಲ. ಆ ಮಾತು ಕೇಳಿ ಮಗಳು ತಲೆ ಎತ್ತಲು ನೋಡಿದಳು. ಡಾಕ್ಟರು ಮೆಲ್ಲಗೆ ಮಲಗಿಸಿದರು. ಒಂದು ಕಾರ್ಡು ತೆಗೆದು ಬರೆಯುತ್ತ ಕೇಳಿದರು, "ಎಂಟು ವರ್ಷದ ಒಳಗೆ, ಅದರಲ್ಲೂ ಮೊದಲ ಮೂರ್ನಾಲ್ಕು ವರ್ಷ, ಯಾವ ನೀರು ಕುಡೀತಿದ್ಲು? ಬೋರ್ ನೀರಾ, ಫಿಲ್ಟರ್ ನೀರಾ? ಈ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಬೆಳೆಯೋ ಹಲ್ಲಿಗೆ ಅದು ಹೀಗೇ ಮಾಡುತ್ತೆ."

ಸೆರಗು ಸರಿಮಾಡಿಕೊಂಡೆ. ಆಮೇಲೆ ನಾನು ಹೇಳಿದೆ, "ಫಿಲ್ಟರ್ ನೀರೇ ಮೇಡಂ. ನಮ್ಮನೇಗೆ ಮೊದ್ಲಿಂದ ಕ್ಯಾನ್ ನೀರು ಬರ್ತಿತ್ತು."

"ಹೌದಾ?" ಅವರು ನನ್ನ ಮುಖ ನೋಡಿದರು. "ಹಾಗಾದ್ರೆ ಚಿಕ್ಕವಳಿದ್ದಾಗ ಪೇಸ್ಟ್ ನುಂಗ್ತಿದ್ಲಾ? ಕೆಲವು ಮಕ್ಕಳು ಸಿಹಿ ಅಂತ ತಿಂತಾವೆ. ಅದರಲ್ಲೂ ಫ್ಲೋರೈಡ್ ಇರುತ್ತೆ."

"ಹ್ಞೂಂ ಮೇಡಂ. ತಿಂತಿದ್ಲು. ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ."

ಅವರು ಅದನ್ನು ಕಾರ್ಡಿನಲ್ಲಿ ಬರೆದುಕೊಂಡರು. ಮಗಳ ಕಣ್ಣು ಮೇಲಿನ ದೀಪದಲ್ಲೇ ನೆಟ್ಟಿತ್ತು.

ಅವಳು ಪೇಸ್ಟ್ ತಿನ್ನುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಪೇಸ್ಟು ಮಾವನವರ ಗೂಡಿನಲ್ಲಿ ಇರುತ್ತಿತ್ತು, ಅದು ಅವಳ ಕೈಗೆ ಎಟುಕುವಂತೆಯೇ ಇರಲಿಲ್ಲ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು, ಬಾಯಿ ಸುಟ್ಟುಕೊಂಡು ಮಲಗಿದ ಮಗಳ ತಲೆಯ ಹತ್ತಿರ ನಿಂತು, ನಾನು ಹಾಗೆ ಹೇಳಿದೆ.

ಸಂಜೆಯ ಬಸ್ಸಿನಲ್ಲಿ ಅವಳನ್ನು ಊರಿಗೆ ಕರೆತಂದೆ. ಅರ್ಧ ದಾರಿಗೆ ಅವಳು ವೇಲಿನ ಒಳಗಿಂದ ಕೇಳಿದಳು.

"ಅವ್ವ, ನಾನು ಪೇಸ್ಟ್ ತಿಂತಿದ್ನಾ? ನಂಗೆ ನೆನಪೇ ಇಲ್ಲ."

"ಚಿಕ್ಕೋಳಿದ್ದೆ ಬಿಡು. ಎಲ್ಲಾ ಮಕ್ಳೂ ತಿಂತಾವೆ."

ಈಗ ನೀರಿನ ವಿಷಯ ಹೇಳಬೇಕು. ಅವಳು ಎರಡು ತುಂಬಿ ಮೂರಕ್ಕೆ ಬಿದ್ದ ವರ್ಷ ನಮ್ಮ ಬೀದಿಯ ಕೊನೆಗೆ ಶುದ್ಧ ನೀರಿನ ಘಟಕ ಬಂತು. ನಾಣ್ಯ ಹಾಕಿದರೆ ಒಂದು ಕ್ಯಾನು ನೀರು. ಆ ನೀರು ಮನೆಗೆ ಬಂದದ್ದು ನಿಜ. ಡಾಕ್ಟರಿಗೆ ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ. ಆದರೆ ಅದನ್ನು ನಾನು ಕುಡಿಯಲು ಇಡಲಿಲ್ಲ. ಬೇಳೆಗೆ ಇಟ್ಟೆ.

ನಮ್ಮ ಬೋರಿನ ನೀರಿನಲ್ಲಿ ಅಡುಗೆ ಮಾಡಿದವರಿಗೆ ಇದು ತಿಳಿಯುತ್ತದೆ. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ನಿಲ್ಲುತ್ತದೆ. ಕುಕ್ಕರು ಎಂಟು ಸಲ ಕೂಗಿದರೂ ಸಾರಿನ ತಳದಲ್ಲಿ ಮರಳಿನ ಹಾಗೆ. ಕ್ಯಾನಿನ ನೀರು ಹಾಕಿ ನೋಡಿದೆ, ಮೂರು ಕೂಗಿಗೆ ಬೆಣ್ಣೆ. ಹೋಳಿಗೆಯ ಹೂರಣ ರುಬ್ಬುವುದೇ ಬೇಡ. ಮಾವನವರು ಆ ಹಬ್ಬದಲ್ಲಿ ನಾಲ್ಕು ಜನರ ಎದುರು, "ನಮ್ ಸೊಸೆ ಬ್ಯಾಳೆ ಬೇಯ್ಸಿದಂಗೆ ಯಾರೂ ಬೇಯ್ಸಲ್ಲ" ಎಂದರು. ಅಲ್ಲಿಗೆ ಮುಗಿಯಿತು. ಕ್ಯಾನು ಒಲೆಯ ಪಕ್ಕ ನಿಂತಿತು. ಅದರಿಂದ ಮೊದಲು ದೇವರ ಅಭಿಷೇಕಕ್ಕೆ ಒಂದು ತಂಬಿಗೆ, ಆಮೇಲೆ ಬೇಳೆಗೆ, ನೆಂಟರು ಬಂದರೆ ಕಾಫಿಗೆ. ಕುಡಿಯಲು ಬೋರಿನ ನೀರೇ. ಅದಕ್ಕೆ ರುಚಿಯಿತ್ತು, ಇದು ಸಪ್ಪೆ. ಮಗಳು ಸಪ್ಪೆ ನೀರು ಕುಡಿಯುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗಿದೆ. ಕುಡಿಸಿ ನೋಡಿದ್ದೇ ಇಲ್ಲ. ಆ ಒಳ್ಳೆಯ ನೀರಿನಲ್ಲಿ ಅವಳು ಲೋಟದಿಂದ ಕುಡಿದದ್ದು ಏನೂ ಇಲ್ಲ, ದಿನಾ ಬೆಳಿಗ್ಗೆ ಅಂಗೈಗೆ ಬಿದ್ದ ಒಂದು ಚಮಚ ತೀರ್ಥ ಬಿಟ್ಟರೆ.

ಯಾರೂ ಹೇಳಲಿಲ್ಲ ಎನ್ನುವ ಹಾಗೂ ಇಲ್ಲ. ಅಂಗನವಾಡಿ ಟೀಚರು ಬಾಗಿಲಿಗೆ ಬಂದು, "ಅಕ್ಕಾರೇ, ಬೋರ್ ನೀರು ಮಕ್ಳಿಗೆ ಕೊಡ್ಬ್ಯಾಡ್ರಿ, ಮೂಳೆಗೂ ಹಲ್ಲಿಗೂ ಕೆಟ್ಟದ್ದಂತೆ" ಎಂದು ಹೇಳಿ ಹೋಗಿದ್ದಳು. ಹ್ಞೂಂ ಎಂದೆ. ಆವತ್ತಿನ ಸಾರಿಗೂ ಕ್ಯಾನಿನ ನೀರೇ ಹಾಕಿದೆ. ಕುಡಿಯುವ ಬಿಂದಿಗೆಗೆ ಬೋರಿನದೇ ತುಂಬಿದೆ.

ಊರಿಗೆ ಬಂದ ಮೇಲೆ ಅವಳಿಗೆ ಗಂಜಿ, ಮಜ್ಜಿಗೆ ಅನ್ನ, ಬೇಯಿಸಿ ಹಿಸುಕಿದ ಕುಂಬಳಕಾಯಿ. ಹೊತ್ತುಹೊತ್ತಿಗೆ ಔಷಧ ಮುಕ್ಕಳಿಸುತ್ತಿದ್ದಳು. ಊತ ಇಳಿಯಿತು. ಸ್ವಾಮಿಯ ಮುಂದೆ ನಿಂತು ದಿನಾ ತಪ್ಪು ಒಪ್ಪಿಕೊಂಡೆ. ದೇವರ ಹತ್ತಿರ ಹೇಳುವುದು ಸುಲಭ, ಅವನು ತಿರುಗಿ ಏನೂ ಕೇಳುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗಳಿಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳೋಣ, ಊತ ಪೂರ್ತಿ ಇಳಿಯಲಿ, ಶನಿವಾರ ಬೇಡ, ಸೋಮವಾರ ಸ್ವಾಮಿಯ ದಿನ ಹೇಳೋಣ. ಸೋಮವಾರವೂ ಹೋಯಿತು.

ಪಕ್ಕದ ಮನೆಯಲ್ಲಿರುವ ನನ್ನ ವಾರಗಿತ್ತಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಆ ಮಗು ಅರ್ಧ ದಿನ ನಮ್ಮ ಮನೆಯಲ್ಲೇ. ಹನ್ನೊಂದನೆಯ ದಿನವೋ ಏನೋ, ನಾನು ಅಡುಗೆಮನೆಯಲ್ಲಿದ್ದೆ. ಬಚ್ಚಲ ಹತ್ತಿರ ನನ್ನ ಮಗಳ ದನಿ ಏರಿದ್ದು ಕೇಳಿತು. ಅವಳು ಎಂದೂ ಮಗುವನ್ನು ಗದರಿದವಳಲ್ಲ.

"ತಗಿ ಬಾಯಿಂದ! ಉಗುಳು! ಪೇಸ್ಟ್ ತಿಂತಾರೇನೆ? ತಿಂದ್ರೆ ನನ್ ಹಲ್ಲು ಆದಂಗೆ ಆಗ್ತಾವೆ. ನೋಡು, ನೋಡಿಲ್ಲಿ!"

ಹೋಗಿ ನೋಡಿದರೆ, ಅವಳು ಮಂಡಿಯೂರಿ, ಎರಡು ಬೆರಳಿನಿಂದ ತನ್ನ ತುಟಿ ಎತ್ತಿ ಮಗುವಿಗೆ ಹಲ್ಲು ತೋರಿಸುತ್ತಿದ್ದಳು. ಯಾರಿಗೂ ತೋರಿಸದ ಹಲ್ಲು. "ನಾನೂ ನಿನ್ನಂಗೇ ಕೇಳಿರ್ಲಿಲ್ಲ. ನೋಡು ಏನಾಯ್ತು."

ಮಗು ಹೆದರಿ ಟ್ಯೂಬನ್ನು ಕೆಳಗೆ ಹಾಕಿತು. ಬಾಯಿ ಮುಕ್ಕಳಿಸಿ ಉಗುಳಿತು. ಆಮೇಲೆ ನೇರ ಬಂದು, ಬಾಗಿಲ ಪಕ್ಕದ ಬಿಂದಿಗೆಯಿಂದ ಒಂದು ಲೋಟ ನೀರು ಮೊಗೆದು, ಗಟಗಟ ಕುಡಿಯತೊಡಗಿತು. ಬೋರಿನ ನೀರು. ಅವರ ಮನೆಯಲ್ಲೂ ಹಾಗೇ. ಆಂಧ್ರದ ಕಡೆಯಿಂದ ಸೊಸೆಯಾಗಿ ಬಂದ ವಾರಗಿತ್ತಿಗೆ, ಯಾವ ನೀರು ಯಾತಕ್ಕೆ ಎಂದು ಪಾಠ ಹೇಳಿದ್ದು ನಾನೇ.

ನಾನು ಮಗುವಿನ ಕೈಯಿಂದ ಲೋಟ ಕಿತ್ತುಕೊಂಡೆ. ನೀರು ಅದರ ಫ್ರಾಕಿನ ಮೇಲೆ ಚೆಲ್ಲಿತು. ಮಗು ಅತ್ತಿತು.

"ಏನಾಯ್ತವ್ವ?" ಮಗಳು ಎದ್ದು ನಿಂತಳು.

"ನೀನು ಪೇಸ್ಟ್ ತಿಂದಿಲ್ಲ" ಎಂದೆ. "ಒಂದಿನಾನೂ ತಿಂದಿಲ್ಲ. ಈ ನೀರು. ನಾನೇ ಕುಡ್ಸಿದ್ದು. ಒಳ್ಳೆ ನೀರು ಬ್ಯಾಳೆಗೆ ಇಟ್ಟು ನಿಂಗೆ ಇದನ್ನ ಕುಡ್ಸಿದ್ದು. ಡಾಕ್ಟ್ರ ಹತ್ರ ಸುಳ್ಳು ಹೇಳ್ದೆ."

ಅವಳಿಗೆ ತಕ್ಷಣ ಅರ್ಥವಾದಂತೆ ಕಾಣಲಿಲ್ಲ. ಲೋಟ ನೋಡಿದಳು, ನನ್ನನ್ನು ನೋಡಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಆವಾಗ ಯಾರಾದ್ರೂ ನಿಂಗೆ ಹೇಳಿದ್ರಾ? ಇದು ಕೆಟ್ಟ ನೀರು ಅಂತ?"

ಇಲ್ಲ ಅನ್ನಬಹುದಿತ್ತು. ಗೊತ್ತಿರಲಿಲ್ಲ ಎಂದರೆ ಯಾವ ತಾಯಿಯ ತಪ್ಪಾದರೂ ಅರ್ಧ ಕಡಿಮೆಯಾಗುತ್ತದೆ. ನಾಲಿಗೆಯ ತುದಿಗೆ ಬಂದಿತ್ತು.

"ಅಂಗನವಾಡಿ ಟೀಚರ್ ಹೇಳಿದ್ಲು" ಎಂದೆ.

"ಹೇಳಿದ್ರಾ?" ಎಂದಳು. ಅಳುವ ಮಗುವನ್ನು ಎತ್ತಿಕೊಂಡು ಮಹಡಿಗೆ ಹೋದಳು.

ನಾನು ಹಾಗೇ ವಾರಗಿತ್ತಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಮೊದಲು ಗಾಬರಿಯಲ್ಲಿ, "ಏಮೈಂದಿ ಅಕ್ಕಾ, ಏನಾಯ್ತು?" ಎಂದವಳು, ಕೇಳುತ್ತ ಕೇಳುತ್ತ ಕೆಂಪಗಾದಳು.

"ನೀವು ಹೇಳ್ದಂಗೇ ಅಲ್ವಾ ಅಕ್ಕಾ ನಾನು ಮಾಡಿದ್ದು? ಬ್ಯಾಳೆಗೆ ಆ ನೀರು, ಕುಡಿಯಾಕೆ ಈ ನೀರು ಅಂತ ನೀವೇ ಅಲ್ವಾ ಹೇಳಿದ್ದು? ಮಗೂಗೆ ಬೋರ್ ನೀರಾ ಕೊಡೋದು ಅಂತ ನಮ್ಮಮ್ಮ ಫೋನಾಗೆ ಕೇಳಿದ್ರೆ, ಏನೂ ಆಗಲ್ಲಮ್ಮ, ಅಕ್ಕಗೆ ಎಲ್ಲಾ ಗೊತ್ತು ಅಂದಿದ್ದೆ!"

"ಹೌದು" ಎಂದೆ. ಅವಳು ಎದುರಿಗೇ ಬಿಂದಿಗೆ ಎತ್ತಿ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದಳು, ಜೋರಾಗಿ, ನನಗೆ ಕಾಣಲಿ ಎಂದು. ಅವಳ ಸಿಟ್ಟು ಎದುರಿಗೇ ಇತ್ತು. ಅದೂ ಒಂದು ದಯೆ ಎಂದು ಈಗ ಅನ್ನಿಸುತ್ತದೆ. ಮಗಳು ಮೂರು ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಉಪ್ಪು ಜಾಸ್ತಿ ಆಯ್ತು. ಟವೆಲ್ ಎಲ್ಲಿ. ಅಪ್ಪನ ಫೋನು. ಅಷ್ಟೇ.

ಎರಡು ವಾರ ತುಂಬಿದ ದಿನ ಮತ್ತೆ ಚಳ್ಳಕೆರೆಗೆ ಹೋದೆವು. ಅವಳು ಅಲ್ಲಿಂದಲೇ ಹಾಸ್ಟೆಲಿಗೆ ಹೋಗುವವಳಿದ್ದಳು. ಡಾಕ್ಟರು ಒಸಡು ನೋಡಿ ಪೂರ್ತಿ ಮಾದಿದೆ ಎಂದರು. ಎದ್ದು ಹೊರಡುವ ಮೊದಲು ಹೇಳಿಬಿಡಬೇಕೆಂದು ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಮೇಡಂ, ಅವತ್ತು ನಾನು ನೀರಿನ ವಿಷ್ಯದಾಗೆ ಸುಳ್ಳು ಹೇಳಿದ್ದೆ. ಇವಳು ಕುಡಿದಿದ್ದು ಬೋರ್ ನೀರೇ. ಉಜ್ಜಿ ಉಜ್ಜಿ ಸವೆಸಿದ್ದೂ ನಾನೇ. ಇಟ್ಟಿಗೆ ಪುಡಿಯಾಗೆ."

ಅವರು ಆಶ್ಚರ್ಯಪಡಲಿಲ್ಲ. "ನೀರು ಅಂತ ಬಾಯಿ ನೋಡಿದ ಕೂಡಲೇ ಅನ್ನಿಸಿತ್ತಮ್ಮ. ಈ ಕಡೆಯವರ ಬಾಯಿ ದಿನಾ ನೋಡ್ತೀನಿ. ನೀವು ಅಲ್ಲ ಅಂದಾಗ ಬೇರೆ ಕಾರಣ ಕೇಳಲೇಬೇಕಲ್ಲ. ಮನೇಲಿ ಚಿಕ್ಕ ಮಕ್ಕಳು ಇದಾರಾ?"

"ಒಬ್ಬಳಿದಾಳೆ. ನಾಲ್ಕು ವರ್ಷ."

"ಇವತ್ತಿಂದ ನೀರು ಬದಲಾಯಿಸಿ."

"ಬದ್ಲಾಯ್ಸಿದೀವಿ."

"ಒಳ್ಳೇದು. ಮುಂದಿನ ಹಲ್ಲಿಗೆ ಸ್ವಲ್ಪ ತಡ ಆಗಿರಬಹುದು, ಹಿಂದಿನವು ಇನ್ನೂ ತಯಾರಾಗ್ತಿರ್ತಾವೆ. ಉಳಿದಷ್ಟು ಉಳೀತು ಅಂದ್ಕೊಳ್ಳಿ. ಒಮ್ಮೆ ಕರ್ಕೊಂಡು ಬನ್ನಿ."

ಆಗ ಮಗಳು ಡಾಕ್ಟರ ಮೇಜಿನ ಮೇಲಿದ್ದ ಕಾರ್ಡಿನ ಕಡೆ ಕೈ ತೋರಿಸಿದಳು. "ಮೇಡಂ, ಅದ್ರಾಗೆ ನಾನು ಪೇಸ್ಟ್ ತಿಂತಿದ್ದೆ ಅಂತ ಬರ್ದಿದೀರಲ್ಲ. ಅದನ್ನ ಹೊಡ್ದ್ ಹಾಕ್ರಿ."

"ಹಾಕ್ತೀನಿ, ಆಮೇಲೆ."

"ಈಗ್ಲೇ ಹಾಕ್ರಿ ಮೇಡಂ."

ಡಾಕ್ಟರು ಅವಳ ಮುಖ ನೋಡಿ ಪೆನ್ನು ತೆಗೆದರು. ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬೋರ್ ನೀರು ಎಂದು ಬರೆದು, ಕಾರ್ಡನ್ನು ಅವಳ ಕಡೆ ತಿರುಗಿಸಿ ತೋರಿಸಿದರು. ಅವಳು ಬಗ್ಗಿ ಓದಿದಳು. ಎರಡು ಸಲ ಓದಿದಳು ಅನ್ನಿಸುತ್ತದೆ. ಆಮೇಲೆ ನೆಟ್ಟಗೆ ಕೂತು, ತಾನೇ ಕೇಳತೊಡಗಿದಳು. ನಾನು ಬರೀ ಕೇಳಿಸಿಕೊಂಡೆ.

ಅವಳ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿವೆ. ಅದಕ್ಕೆ ತಂತಿ ಹಾಕಬಹುದಂತೆ. ಒಂದೊಂದು ಹಲ್ಲಿಗೂ ಸಣ್ಣ ಗುಂಡಿಯಂಥದ್ದು ಅಂಟಿಸಿ, ಅದರ ಮೇಲೆ ತಂತಿ ಹಾಯಿಸಿ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬಿಗಿ ಮಾಡುವುದು. ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಹತ್ತೊಂಬತ್ತು ವರ್ಷವಾಯಿತಲ್ಲ, ತಡವಾಯಿತೇ ಎಂದರೆ, ಇಲ್ಲ, ಒಸಡು ಗಟ್ಟಿಯಿದ್ದರೆ ದೊಡ್ಡವರೂ ಹಾಕಿಸಿಕೊಳ್ಳುತ್ತಾರಂತೆ. ತೆಗೆದ ಮೇಲೂ ಮಲಗುವಾಗ ಒಂದು ಅಚ್ಚು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹಲ್ಲು ಹಳೆಯ ಜಾಗಕ್ಕೆ ವಾಪಸು ಹೋಗುತ್ತವೆ.

ನಾನು ನಡುವೆ ಬಾಯಿ ಹಾಕಿದೆ, "ತಂತಿ ಹಾಕಿದ್ರೆ ಬಣ್ಣಾನೂ ಹೋಗುತ್ತಾ ಮೇಡಂ?"

"ಅವ್ವ, ತಂತಿ ಏನು ಸೋಪಾ?" ಎಂದಳು ಮಗಳು. ಮೂರು ದಿನದಲ್ಲಿ ನನಗೆ ಬಿದ್ದ ಮೊದಲ ಉದ್ದನೆಯ ಮಾತು ಅದು. ಡಾಕ್ಟರು ನಕ್ಕರು.

"ತಂತಿ ಜಾಗಕ್ಕೆ, ಬಣ್ಣಕ್ಕಲ್ಲ. ಬಣ್ಣದ ಕೆಲಸ ತಂತಿ ತೆಗೆದ ಮೇಲೆ. ಈಗಲೇ ಮಾಡಿದ್ರೆ ಗುಂಡಿ ಅಂಟಿಸಿದ ಜಾಗ ಒಂಥರಾ, ಸುತ್ತಮುತ್ತ ಒಂಥರಾ ಆಗುತ್ತೆ. ಅದೂ ಅಲ್ಲದೆ ಇಂಥ ಕಲೆಗೆ ಬರೀ ಬೆಳ್ಳಗೆ ಮಾಡೋ ಔಷಧಿ ಸಾಲಲ್ಲ, ಬಿಳಿ ಮಚ್ಚೆ ಇನ್ನೂ ಎದ್ದು ಕಾಣಬಹುದು. ಮೇಲಿನ ಪದರ ಕೂದಲಷ್ಟು ತೆಳ್ಳಗೆ ತಿಕ್ಕಿ ತೆಗೆದು ನೋಡ್ತೀವಿ. ಹೋಗದೆ ಉಳಿದದ್ದಕ್ಕೆ ಹಲ್ಲಿನ ಬಣ್ಣದ್ದೇ ಒಂದು ಲೇಪ ಹಾಕಬಹುದು. ಹಾಲಿನ ಹಾಗೆ ಆಗುತ್ತೆ ಅಂತ ನಾನು ಹೇಳಲ್ಲ. ಮತ್ತೆ ಫೋನಲ್ಲಿ ನೋಡಿ ಏನೂ ಹಚ್ಕೋಬೇಡ."

"ಹಚ್ಚಲ್ಲ ಮೇಡಂ."

ನಮ್ಮೆಜಮಾನರಿಗೆ ಅಲ್ಲಿಂದಲೇ ಫೋನು ಮಾಡಿದೆ. ಕಂತಿನಲ್ಲಿ ಕಟ್ಟಬಹುದಂತೆ ಎಂದಾಗ, "ಹಾಕ್ಸು, ಅದ್ರಾಗೇನ್ ಕೇಳ್ತೀಯಾ" ಎಂದರು. ಮುಂದಿನ ತಿಂಗಳು ತಂತಿ ಎಂದು ನಿಗದಿಯಾಯಿತು. ಕ್ಲಾಸಿನ ಫೋಟೋ ಅವಳು ಊರಿನಲ್ಲಿದ್ದಾಗಲೇ ಮುಗಿದುಹೋಗಿತ್ತು. ಆ ಫೋಟೋದಲ್ಲಿ ಅವಳಿಲ್ಲ.

ಬಸ್ ನಿಲ್ದಾಣದವರೆಗೆ ಅವಳು ನನ್ನ ಜೊತೆ ಬಂದಳು. ಕ್ಷಮಿಸು ಎಂದು ಕೇಳಬೇಕೆಂದಿದ್ದೆ. ಮಗಳ ಹತ್ತಿರ ಹಾಗೆ ಕೇಳುವ ಮಾತು ನಮ್ಮ ಮನೆಗಳಲ್ಲಿ ಇಲ್ಲ, ಯಾವ ಪದದಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಕಡ್ಲೆಕಾಯಿ ತಗೊಳ್ಳಲೇ ಎಂದು ಕೇಳಿದೆ. ಇನ್ನೂ ಗಟ್ಟಿ ತಿನ್ನಲಾರೆ ಎಂದಳು.

"ಅವ್ವ" ಎಂದಳು ಬಸ್ಸಿನ ಕಿಟಕಿಯ ಹತ್ತಿರ ನಿಂತು. "ನಂಗೆ ಸಿಟ್ಟು ಹೋಗಿಲ್ಲ."

"ಹ್ಞೂಂ."

"ನೀರಿಗಲ್ಲ. ನಾನು ಉಜ್ಜಲ್ಲ ಅಂತ ಇಷ್ಟು ವರ್ಷ ಅಂದೆಯಲ್ಲ, ಅದ್ಕೆ."

"ಹ್ಞೂಂ" ಎಂದೆ ಮತ್ತೆ. ಬಸ್ಸು ಹೊರಟಿತು. ಅವಳು ಕೈ ಬೀಸಲಿಲ್ಲ, ಆದರೆ ಬಸ್ಸು ತಿರುಗುವವರೆಗೂ ನಿಂತಿದ್ದಳು. ಆ ದಿನ ಲೆಕ್ಕಕ್ಕೆ ಸಿಕ್ಕಿದ್ದು ಅದೊಂದು. ನಾನು ಅದನ್ನು ಬರೆದುಕೊಂಡೆ, ಅದಕ್ಕೆ ನಾನು ಅರ್ಹಳಲ್ಲ ಎಂದು ಗೊತ್ತಿದ್ದೂ.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಬೆಳಿಗ್ಗೆ ಅವಸರದಲ್ಲಿ ನೆನೆಹಾಕಿ ಹೋಗಿದ್ದ ಹೊದಿಕೆಗಳು ಬಕೀಟಿನಲ್ಲಿ ಹಾಗೇ ಬಿದ್ದಿದ್ದವು. ಒಣಗಲು ಇನ್ನೊಂದು ತಾಸಿನ ಬಿಸಿಲು ಸಿಗಬಹುದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದನ್ನು ಹಿಂಡಿ ಎತ್ತಿ, ಹಿಂದೆ ಮಗಳನ್ನು ಕೂರಿಸಿ ಉಜ್ಜುತ್ತಿದ್ದ ಅದೇ ಕಲ್ಲಿನ ಮೇಲೆ ಹಾಕಿ ಒಗೆಯತೊಡಗಿದೆ.